ಹಾವಿನ ತಲೆಯ ಕೆಂಪು ಗಾಜು

"ಗೊತ್ತಿದ್ದೂ ಗೊತ್ತಿದ್ದೂ ಯಾಕೆ ಕೊಟ್ಟೆ?"

ಬೆಳಗ್ಗೆ ಕೆಲಸದ ಕೋಣೆಯ ನಡುವೆ ನಿಂತು ಅಕ್ಕ ತನ್ನನ್ನೇ ಗಟ್ಟಿಯಾಗಿ ಕೇಳಿಕೊಂಡಳು. ಕೇಳಿಸಿಕೊಳ್ಳಲು ಅಲ್ಲಿ ನರಪಿಳ್ಳೆಯೂ ಇರಲಿಲ್ಲ.

ಮೇಜಿನ ಮೇಲೆ, ರಿಪೇರಿಗೆ ಬಂದ ಚರ್ಚಿನ ಹಳೆಯ ಬಣ್ಣದ ಗಾಜಿನ ಕಿಟಕಿ ಬಿಡಿಬಿಡಿಯಾಗಿ ಹರಡಿತ್ತು. ಬೈಬಲ್ಲಿನ ಆದಿಯ ತೋಟ, ಮರ, ಮೊದಲ ಗಂಡಸು, ಹೆಂಗಸು, ಅವರನ್ನು ಕೆಡಿಸಿದ ಹಾವು. ಸೀಸದ ಪಟ್ಟಿ ಬಿಚ್ಚಿ ತೊಳೆದ ಒಂದೊಂದು ತುಂಡೂ ಕಾಗದದ ನಕ್ಷೆಯಲ್ಲಿ ತನ್ನ ಅಂಕಿಯ ಮೇಲೆ ಕೂತಿತ್ತು. ನಲವತ್ತೊಂದರ ಜಾಗ ಮಾತ್ರ ಬೋಳು. ಹಾವಿನ ತಲೆ ಮಾಯ. ಅಂಥ ಕೆಂಪು ಗಾಜನ್ನು ಈಗ ಯಾರೂ ಮಾಡುವುದಿಲ್ಲ. ಹಳೇ ಸಾಮಾನಿನವರು ಕಣ್ಣಿಗೊತ್ತಿಕೊಂಡು ಕೊಳ್ಳುತ್ತಾರೆ.

ನಿನ್ನೆ ತಮ್ಮನ ಕೈಗೆ ಈ ಕೋಣೆಯ ಬೀಗದಕೈ ಕೊಟ್ಟವಳು ಅವಳೇ. ಹೆಸರಿಗೆ ಪುಟ್ಟ, ನೆತ್ತಿ ಬೋಳಾಗುವಷ್ಟು ವಯಸ್ಸು. ಕುಡಿತಕ್ಕೆ ಮನೆಯ ಗೋಡೆ ಗಡಿಯಾರವನ್ನೂ ಕದ್ದು ಮಾರಿದ್ದವನು ಕುಡಿಯುವುದನ್ನು ಬಿಟ್ಟು ಮೂರು ತಿಂಗಳಾಗಿತ್ತು.

ಕಿಟಕಿ ನೋಡಲು ಬಂದ ಮುದಿ ಪಾದ್ರಿಗಳು ಬೋಳು ಜಾಗ ನೋಡಿ, "ಹೋಗಲಿ ಬಿಡಮ್ಮ, ತೋಟದಲ್ಲಿ ಅದೊಂದೇ ಬೇಡದ ಪ್ರಾಣಿ" ಎಂದರು.

ಅಕ್ಕ ನಗಲಿಲ್ಲ. "ಫಾದರ್, ಈ ಹಾವು ಒಂದು ಕಾಲಕ್ಕೆ ದೇವದೂತನೇ ಅಂತೀರಲ್ಲ, ಅವನು ಕೆಟ್ಟು ಹಾವಾಗ್ತಾನೆ ಅಂತ ದೇವರಿಗೆ ಮೊದಲೇ ಗೊತ್ತಿತ್ತಲ್ವಾ? ಆದ್ರೂ ಯಾಕೆ ಹುಟ್ಟಿಸಿದ? ನಾನೂ ಹಾಗೇ, ಗೊತ್ತಿದ್ದೂ ತಮ್ಮನ ಕೈಗೆ ಬೀಗದಕೈ ಕೊಟ್ಟೆ."

"ಗೊತ್ತಿರೋದು ಬೇರೆ, ಮಾಡಿಸೋದು ಬೇರೆ ಅಂತ ನಲವತ್ತು ವರ್ಷದಿಂದ ಹೇಳ್ಕೊಂಡು ಬಂದಿದ್ದೀನಿ. ಹೇಳಿ ಮನೆಗೆ ಹೋದ್ಮೇಲೆ ನನಗೂ ಸಮಾಧಾನ ಇರಲ್ಲ." ಪಾದ್ರಿಗಳು ಸ್ಟೂಲು ಎಳೆದುಕೊಂಡರು. "ಅದಿರಲಿ, ನಿನಗೇನು ಗೊತ್ತಿತ್ತು?"

"ಅವನು ಕದೀತಾನೆ ಅಂತ."

"ಅಷ್ಟೇನಾ? ದೇವರಿಗೆ ಅದರ ಮುಂದಿನದೂ ಗೊತ್ತಿರುತ್ತೆ ತಾಯಿ."

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಕಿರುಗುಟ್ಟಿತು. ತಮ್ಮ ನಿಂತಿದ್ದ. ಕೆದರಿದ ಅಳಿದುಳಿದ ಕೂದಲು, ಧೂಳು ಮೆತ್ತಿದ ಚಪ್ಪಲಿ. ಅವಳ ಮೂಗು ಮೊದಲು ಗಾಳಿಯನ್ನು ಅಳೆಯಿತು. ಹೆಂಡದ ವಾಸನೆ ಇರಲಿಲ್ಲ. ಹೋದ ಜೀವ ಬಂದಂತಾಯಿತು.

ಅವನು ಕರವಸ್ತ್ರ ಬಿಡಿಸಿ, ಕೆಂಪು ತುಂಡನ್ನು ನಲವತ್ತೊಂದರ ಮೇಲಿಟ್ಟ. ಬೆಳಕು ಬಿದ್ದು ಹಾವು ಫಳಫಳ ಹೊಳೆಯಿತು.

"ಹಳೇ ಸಾಮಾನಿನ ಅಂಗಡಿ ಬಾಗಿಲವರೆಗೂ ಹೋಗಿದ್ದೆ, ಅಕ್ಕಾ. ಗಾಜು ತೆಗೆಯೋಣ ಅಂತ ಜೇಬಿಗೆ ಕೈ ಹಾಕಿದ್ರೆ ನೀನು ಕೊಟ್ಟ ಬೀಗದಕೈ ಸಿಕ್ತು. ಒಳಗೆ ಕಾಲಿಡೋಕಾಗಲಿಲ್ಲ."

"ಪುಣ್ಯಾತ್ಮ, ಏನಾದ್ರೂ ತಿಂದ್ಯಾ?" ಎಂದಳು ಅಕ್ಕ. ಸೆರಗು ತಾನಾಗಿ ಕಣ್ಣಿಗೆ ಹೋಯಿತು. ಪಾದ್ರಿಗಳು ನೆಲ ನೋಡುತ್ತ ಮೀಸೆಯಲ್ಲೇ ನಕ್ಕರು.

ತಮ್ಮ ಬೀಗದಕೈ ಚಾಚಿದ. "ಇದನ್ನ ನೀನೇ ಇಟ್ಕೋ. ನಂಗೆ ನನ್ನ ಮೇಲೇ ನಂಬಿಕೆ ಇಲ್ಲ. ಇನ್ನೊಂದ್ಸಲ ಹೀಗೇ ಆದ್ರೆ?"

"ಆಗಬಹುದು."

"ಹಾಗಾದ್ರೆ ತಗೋ ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ."

ಅಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ತಗೊಳ್ಳಲ್ಲ."