ಐವತ್ತೆಂಟಡಿ ಕಮೋಡು

ನಮ್ಮವ್ವನ ಮ್ಯಾಲಾಣೆ, ಈ ಬೆಲ್ಲದಚ್ಚಿನ ಮ್ಯಾಲಾಣೆ, ಸಾಲ್ದು ಅಂದ್ರೆ ನಿಮ್ ಬೈಕಿನ ಮ್ಯಾಲೂ ಆಣೆ ಮಾಡ್ತೀನಿ, ಇದ್ರಾಗೆ ಒಂದಕ್ಸರಾನೂ ಸುಳ್ಳಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ, ಮೂರು ತಾಲ್ಲೂಕಲ್ಲೂ ಯಾರ್ನಾದ್ರೂ ಕೇಳಿ. ಯಾವನಾದ್ರೂ ಇಲ್ಲ ಅಂದ್ರೆ ಅವ್ನು ಅವತ್ತು ಊರಲ್ಲಿರ್ನಿಲ್ಲ, ಅಷ್ಟೇಯ.

ಮದ್ದೂರು ಬಸ್‌ಸ್ಟ್ಯಾಂಡಿನ ಇಂದ್ಗಡೆ, ಒಂದು ಬೇಕರಿ ಮ್ಯಾಲೆ, ರವಿಚಂದ್ರ ಅನ್ನೋನು ಮನೆ ಪ್ಲಾನ್ ಬರ್ಕೊಡೊ ಆಫೀಸು ಮಡಗಿದ್ದ. ಬೋರ್ಡು ಎಂಟಡಿ, ಆಫೀಸು ಆರಡಿ. ಅವನ್ಗೆ ಪ್ಲಾನ್ ಬರಿಯಾಕೆ ಬರಾಕಿಲ್ಲ, ಸೀಲು ಒತ್ತಾಕೆ ಬತ್ತದೆ. ಬರಿಯೋಳು ಶೋಭಿತಾ. ಡಿಪ್ಲೊಮಾ ಓದ್ದೋಳು. ನಾಕು ವರ್ಸದಿಂದ ಅಲ್ಲಿರೊ ಒಂದೇ ಕಂಪ್ಯೂಟ್ರು ಮುಂದೆ, ಅಲ್ಲಿರೊ ಒಂದೇ ತಿರುಗೊ ಕುರ್ಚಿ ಮ್ಯಾಲೆ ಕುಂತು ಅರ್ಧ ತಾಲ್ಲೂಕಿನ ಮನೆ ಬರ್ದಿದ್ಲು. ಕುರ್ಚಿಗೆ ಒಂದ್ ಗಾಲಿ ಕಿತ್ತೋಗಿತ್ತು. ವಾಲ್ಕಂಡೇ ಕೂರ್ಬೇಕು. ಆದ್ರೂ ಅವಳಿಗೆ ಅದು ಮೈಸೂರ್ ಅರಮನೆ ಸಿಂಹಾಸನಕ್ಕಿಂತ ಎಚ್ಚು.

ಆ ಕುರ್ಚಿಗೇ ಕುತ್ತು ಬಂತು. ರವಿಚಂದ್ರನ ಬಾಮೈದ ಸ್ವರೂಪ್ ಅಂತ, ಮಳವಳ್ಳಿಯಿಂದ ಬಂದಿಳ್ದ. ಮೂರು ತಿಂಗ್ಳ ಕೋರ್ಸು, ತಲೆ ಮ್ಯಾಲೆ ಕೂಲಿಂಗ್ ಗ್ಲಾಸು, ಕೊಳ್ಳಲ್ಲಿ ತಾಯ್ತದ ತರ ಒಂದು ಪೆನ್‌ಡ್ರೈವು.

"ಏಳಮ್ಮ ವಸಿ ಶೋಭಿತಾ," ಅಂದ ರವಿಚಂದ್ರ. "ಹನಕೆರೆ ದೇವಿರಮ್ಮನ ಮನೆ ಪ್ಲಾನು ನಮ್ ಸ್ವರೂಪ ಮುಗಿಸ್ಲಿ. ಸಂದಾಗ್ ಬಂದ್ರೆ ಸೋಮವಾರದಿಂದ ಈ ಕುರ್ಚಿ ಅವನ್ದು."

"ಮತ್ತೆ ನಾನು ಸಾರ್?"

"ನಿಂಗೇನಮ್ಮ, ಬುದ್ವಂತೆ. ಎಲ್ಲಾದ್ರೂ ಸಿಕ್ತದೆ."

ನೋಡಿ, ಬುದ್ಧಿ ಇದ್ರೆ ಬ್ಯಾರೆ ಕಡೆ ಓಗ್ಬೇಕು, ಬಾವ ಇದ್ರೆ ಅಲ್ಲೇ ಇರ್ಬೋದು. ಶೋಭಿತಾ ಸ್ಟೂಲು ಎಳ್ಕಂಡು ಗೋಡೆ ಪಕ್ಕ ಕುಂತ್ಲು.

ಈ ಕೆಲ್ಸ ಎಂಗೆ ಅಂದ್ರೆ, ಬಾಗ್ಲು, ಮಂಚ, ಕಮೋಡು ಇವುನೆಲ್ಲ ದಿನಾ ಒಸ್ದಾಗಿ ಬರಿಯಾಕಿಲ್ಲ. ಒಂದ್ಸಲ ಬರ್ದು ಮಡಿಕತ್ತಾರೆ, ಬೇಕಾದ ಮನೇಗೆ ತಂದು ಕೂರುಸ್ತಾರೆ. ಅದಕ್ಕೆ ಬ್ಲಾಕು ಅಂತಾರೆ. ದೇವಿರಮ್ಮನ ಮನೇನ ಶೋಭಿತಾ ಇಂಚಿನ ಲೆಕ್ಕದಲ್ಲಿ ಬರ್ದಿದ್ಲು. ಮೂವತ್ತಡಿ ಅಗ್ಲ, ನಲವತ್ತಡಿ ಉದ್ದ. ಸ್ವರೂಪನ ಪೆನ್‌ಡ್ರೈವಲ್ಲಿದ್ದ ಕಮೋಡು ಏಳ್ನೂರು ಉದ್ದ. ಏಳ್ನೂರು ಏನು? ಅದ್ರಲ್ಲಿ ಇರ್ನಿಲ್ಲ. ಬರ್ದ ಪುಣ್ಯಾತ್ಮ ಮಿಲಿಮೀಟ್ರು ಅಂತ ಮನಸ್ನಾಗೆ ಅಂದ್ಕಂಡಿದ್ದ, ಕಂಪ್ಯೂಟ್ರಿಗೆ ಯೇಳಿರ್ನಿಲ್ಲ. ಕಂಪ್ಯೂಟ್ರು ಇಂಚು ಅಂದ್ಕತ್ತು.

ಸ್ವರೂಪ ಟಕ್ ಅಂತ ಮೌಸ್ ಒತ್ತಿದ. ಕಮೋಡು ಬಂತು ನೋಡಿ! ಬಚ್ಚಲಲ್ಲಿ ಎದ್ದು, ಅಡುಗೆಮನೆ ದಾಟಿ, ನಡುಮನೆ ನುಂಗಿ, ತಲೆಬಾಗ್ಲಿಂದ ಬೀದಿಗೆ ಮೂತಿ ಚಾಚ್ತು. ಐವತ್ತೆಂಟಡಿ. ಅದ್ರ ಅಂಚಿನ ಮ್ಯಾಲೆ ಎತ್ತಿನಗಾಡಿ ಓಡುಸ್ಬೋದಿತ್ತು.

"ಬಾವ, ಈ ಮೇಡಮ್ಮು ಮನೇನ ಬಾಳ ಚಿಕ್ಕದಾಗಿ ಬರ್ದವ್ರೆ," ಅಂದ ಸ್ವರೂಪ.

"ನೋಡ್ದಾ! ನಾಕು ವರ್ಸದಿಂದ ನನ್ ಕಣ್ಣಿಗೇ ಬೀಳ್ನಿಲ್ಲ!"

ಶೋಭಿತಾ ತಡಿನಾರ್ದೆ ಎದ್ಲು. "ಮನೆ ಸರಿಯಾಗದೆ ಸಾರ್. ಆ ಬ್ಲಾಕಿಗೆ ಯೂನಿಟ್ ಕೊಟ್ಟಿಲ್ಲ. ಮಿಲಿಮೀಟ್ರು ಅಂತ ಅದಕ್ಕೆ ಯೇಳಿ, ತಿರ್ಗಾ ತಂದ್ರೆ ತಾನೇ ಕುಗ್ತದೆ."

"ಸುಮ್ಕೆ ಕುಂತ್ಕಳಮ್ಮ. ಕಂಪ್ಯೂಟ್ರು ಸುಳ್ಳು ಯೇಳ್ತದಾ?"

ಸ್ವರೂಪ ಫೋನಲ್ಲಿ ಏನೋ ಉಡುಕ್ದ. ಒಂದಿಂಚಿಗೆ ಇಪ್ಪತ್ತೈದು ಪಾಯಿಂಟ್ ನಾಕು ಮಿಲಿಮೀಟ್ರು ಅಂತ ಒಂದು ಅಂಕಿ ಸಿಕ್ತು. ಕಮೋಡ್ನ ಅಷ್ಟರಿಂದ ಭಾಗಿಸೋದು ಬುಟ್ಟು, ಮನೇನ ಅಷ್ಟರಿಂದ ಗುಣಿಸ್ಬುಟ್ಟ. ಈಗ ನೋಡಿದ್ರೆ ಚಿತ್ರ ಏನ್ ಚೆಂದ ಅಂತೀರಿ! ಮನೆ ಒಳ್ಗೆ ಬಚ್ಚಲು, ಬಚ್ಚಲ ಮೂಲೇಲಿ ಕಮೋಡು, ಮುದ್ದಾಗಿ. ಆದ್ರೆ ಮೂವತ್ತಡಿ ಅಗ್ಲದ ಮನೆ ಏಳ್ನೂರರವತ್ತೆರಡು ಅಡಿ ಆಗಿತ್ತು. ನಲವತ್ತಡಿ ಉದ್ದ ಸಾವಿರದ ಅದಿನಾರು ಆಗಿತ್ತು. ಬಾವ ಬಾಮೈದ ಎಲ್ಡು ಜನಾನೂ ಚಿತ್ರ ನೋಡುದ್ರು. ಅಂಕಿ ಓದ್ದೋಳು ಶೋಭಿತಾ ಒಬ್ಳೇ.

"ಸಾರ್, ಅಂಕಿ ನೋಡಿ ಸಾರ್."

"ಹೆಣ್ಣು ನೋಡಾಕ್ ಓದಾಗ ತಕ್ಕಡಿ ತಕ್ಕಂಡೋಯ್ತಾರಾ? ಕಳೆ ನೋಡಮ್ಮ, ಕಳೆ!" ಅಂದು ರವಿಚಂದ್ರ ಟಪ್ ಅಂತ ಸೀಲು ಒತ್ತಿದ.

ಆ ಪೇಪರು ಪೂರಿಗಾಲಿ ಕರಿಸಿದ್ದಯ್ಯನ ಕೈಗೋಯ್ತು. ಕರಿಸಿದ್ದಯ್ಯ ಗಾರೆ ಮೇಸ್ತ್ರಿ. ಅವನ ಕೈ ಎಷ್ಟುದ್ದ ಅಂದ್ರೆ, ನೆಟ್ಟಗೆ ನಿಂತ್ಕಂಡೇ ಮಂಡಿ ಕೆರ್ಕತ್ತಿದ್ದ, ಏಣಿ ಇಲ್ದೇ ಸೂರಿನ ಎಂಚು ಸರಿ ಮಾಡ್ತಿದ್ದ. ಓದ್ ವರ್ಸ ಒಂದು ಮನೇಲಿ ಕಿಟಕಿ ತಪ್ಪು ಜಾಗದಲ್ಲದೆ ಅಂತ ಸರಿಮಾಡಿದ್ದಕ್ಕೆ ರವಿಚಂದ್ರ ಬೈದಿದ್ದ, "ನಿನ್ ತಲೆ ಓಡುಸ್ಬ್ಯಾಡ ಕಣಯ್ಯ, ಪೇಪರಲ್ಲಿರೋದು ಮಾಡು." ಅವತ್ತಿಂದ ಕರಿಸಿದ್ದಯ್ಯ ತಲೇನ ಮನೇಲಿ ಬುಟ್ಟು ಕೆಲ್ಸಕ್ಕೆ ಬತ್ತಿದ್ದ.

ಶನಿವಾರ ಬೆಳಗಾಗ್ತಿದ್ದಂಗೇ ಹನಕೆರೇಲಿ ಗೂಟ ಒಡ್ದ, ದಾರ ಕಟ್ದ, ಸುಣ್ಣ ಉಯ್ದ. ನಡುಮನೆ ಓಗಿ ಪಕ್ಕದ ಮುದ್ದಯ್ಯನ ಕಬ್ಬಿನ ಗದ್ದೇಲಿ ಬಿತ್ತು. ಅಡುಗೆಮನೆ ರಸ್ತೆ ಆಚೆ. ದೇವರ ಮನೆ ನೆಟ್ಟಗೆ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರಂ ಮ್ಯಾಲೆ. ಎಂಟೂವರೆ ಪ್ಯಾಸೆಂಜರು ದಾರ ನೋಡಿ ಗಕ್ಕನೆ ನಿಂತ್ಕತ್ತು. ಇಳಿಯೋರಿಗೆಲ್ಲ ಕರಿಸಿದ್ದಯ್ಯ, "ದೇವರ ಮನೆ ಕಣ್ರಪ್ಪಾ, ಚಪ್ಲಿ ಬುಟ್ಟು ಬನ್ನಿ," ಅಂತಿದ್ದ. ಅವ್ರೂ ಬುಟ್ಟು ಬಂದ್ರು! ಇನ್ನು ಕಮೋಡಿನ ಜಾಗದಲ್ಲಿ ಎಂಟಾಳು ಗುಂಡಿ ತೋಡ್ತಿದ್ರೆ, ಯಾವನೋ ಒಬ್ಬ ಲೀಡ್ರು ಕಾರಿಂದಿಳ್ದು, ಕೆರೆ ತೋಡುಸ್ತಾ ಇವ್ನಿ ಅಂತ ಫೋಟೋ ತೆಗಿಸ್ಕಂಡು, ಆರ ಆಕ್ಕಂಡು ಓದ.

ಮದ್ಯಾನಕ್ಕೆ ದೇವಿರಮ್ಮ ಮದ್ದೂರು ಆಫೀಸು ಮೆಟ್ಲು ಅತ್ತಿದ್ಲು. ಕೈಲಿ ಒಂದು ಬಿದಿರು ಕಡ್ಡಿ. ನಮ್ ಕಡೆ ಮನೆ ಕಟ್ಟೋ ಮುಂಚೆ ಅಳತೆ ಕೂಡಿಬತ್ತದಾ ಅಂತ ಆಯ ನೋಡ್ತಾರಲ್ಲ, ಅದಕ್ಕೆ ಯಜಮಾನನ ಮೊಳದ ಕಡ್ಡಿ ಬೇಕು. ಮೊಣಕೈಯಿಂದ ನಡುಬೆಳ್ಳಿನ ತುದಿಗಂಟ. ಸೈಟು ದೇವಿರಮ್ಮನ ಎಸ್ರಲ್ಲಿತ್ತು, ಅದಕ್ಕೇ ಕಡ್ಡೀನೂ ಅವಳ ಮೊಳದ್ದೇ.

"ಯಾವನ್ಲಾ ಅದು ನನ್ ಬಚ್ಚಲು ಬರ್ದೋನು?"

ರವಿಚಂದ್ರ ರೆಪ್ಪೆ ಬಡೀದೆ ಸ್ಟೂಲಿನ ಕಡೆ ಕೈ ತೋರ್ಸಿದ. "ಈ ಹುಡ್ಗಿ ಕಣಮ್ಮ. ಸೋಮವಾರದಿಂದ ತೆಗ್ದಾಕ್ತಾ ಇವ್ನಿ."

ಶೋಭಿತಾ ಕಣ್ಣಲ್ಲಿ ನೀರಾಡ್ತು. ಕುರ್ಚಿನೂ ಓಯ್ತು, ಈಗ ಎಸ್ರೂ ಓಯ್ತು. ಆದ್ರೆ ದೇವಿರಮ್ಮ ಎಮ್ಮೆ ಸುಳಿ ನೋಡಿ ಕೊಂಡೋಳು, ಈ ಮೊಖ ಓದಾಕೆ ಬರಾಕಿಲ್ವಾ?

"ಬರಿಯೋಳು ಸ್ಟೂಲ್ ಮ್ಯಾಲೆ ಕುಂತವ್ಳೆ, ಕುರ್ಚಿ ಮ್ಯಾಲಿರೊ ಈ ಕನ್ನಡ್ಕ ಯಾರ್ದು?"

"ಆ ಕಮೋಡು ಇಂಟರ್‌ನ್ಯಾಷನಲ್ ಮಾಡ್ಲು ಕಣಜ್ಜಿ," ಅಂದ ಸ್ವರೂಪ.

"ನಿನ್ ಮಾಡ್ಲಿಗ್ ಬೆಂಕಿ ಆಕ. ಯಾರ ಮೊಳದಲ್ಲಿ ಬರ್ದೆ, ಅದು ಯೇಳು."

"ಅದು... ಅದಕ್ಕೆ ಯೂನಿಟ್ಟಿಲ್ಲ."

"ಯೂನಿಟ್ಟು ಅಂದ್ರೇನ್ಲಾ?"

ಅವನ್ಗೆ ಗೊತ್ತಿದ್ರೆ ತಾನೇ? ಸ್ಟೂಲಿಂದ ಶೋಭಿತಾ ಅಂದ್ಲು, "ಮೊಳ ಇದ್ದಂಗೆ ಕಣಜ್ಜಿ. ಅವ್ರು ತಂದಿರೊ ಕಮೋಡಿನ ಮ್ಯಾಲೆ ಅದು ಯಾರ ಮೊಳ ಅಂತ ಬರ್ದಿಲ್ಲ."

"ಯಾರ ಮೊಳ ಅಂತ ಕೇಳ್ದಲೆ ಮನೆ ಒಳೀಕೆ ಬುಟ್ಕಂಡ್ರಾ?" ದೇವಿರಮ್ಮ ಕಡ್ಡೀಲಿ ಮೇಜು ಕುಟ್ಟಿದ್ಲು. "ಒಂದ್ ಮೊಳ ಕಾಕಡ ತಗಳೋವಾಗ ಊವಿನೋಳ ಕೈ ನೋಡ್ತೀನಿ ಕಣ್ಲಾ ನಾನು! ಗಿಡ್ಡ ಕೈಯೋಳಾದ್ರೆ ಮುಂದಿನಂಗ್ಡಿಗ್ ಓಯ್ತೀನಿ. ನೀವು ಇಬ್ರು ಓದ್ದೋರು ಸೇರ್ಕಂಡು ನನ್ ದೇವ್ರುನ್ನ ರೈಲ್‌ಸ್ಟೇಷನ್ನಲ್ಲಿ ನಿಲ್ಸಿದ್ದೀರಲ್ರೋ!"

"ಈಗ್ಲೇ ಸರಿ ಮಾಡ್ತೀನಿ," ಅಂತ ಸ್ವರೂಪ ಬೆವ್ರು ಒರುಸ್ಕಂಡ. ಮತ್ತೆ ಅದೇ ಇಪ್ಪತ್ತೈದು ಪಾಯಿಂಟ್ ನಾಕು. ಈ ಸಲ ಕಮೋಡಿಗೇ ಆಕ್ದ, ಆದ್ರೆ ಮತ್ತೆ ಗುಣಿಸ್ದ. ಕಮೋಡು ಊದ್ಕತ್ತು, ಊದ್ಕತ್ತು, ಸಾವಿರದ ನಾನೂರ ಎಂಬತ್ತೊಂದಡಿ ಆಯ್ತು. ಅಷ್ಟ್ ದೊಡ್ ಮನೇನೂ ಅದರ ಬುಡದಲ್ಲಿ ಬೆಂಕಿಪೊಟ್ಣ ಆಯ್ತು.

"ಇದ್ರಲ್ಲಿ ಹನಕೆರೆ ಊರೂರೇ ಕೂರ್ಬೋದು," ಅಂದ್ಲು ದೇವಿರಮ್ಮ. "ಏಳ್ಲಾ ಮ್ಯಾಕೆ."

ಕಡ್ಡಿ ಎತ್ತಿದ್ದಷ್ಟೇ, ಸ್ವರೂಪ ಎದ್ದಿದ್ದು ಗಾಲಿಗೂ ಗೊತ್ತಾಗ್ನಿಲ್ಲ.

ಶೋಭಿತಾ ವಾಲ್ಕಂಡು ಕುಂತ್ಲು. ಆ ಊದ್ಕಂಡ ಮನೆ ಫೈಲ್ನ ಮುಚ್ಚಿ, ತನ್ನ ಹಳೇ ಇಂಚಿನ ಫೈಲ್ ತೆಗುದ್ಲು. ಆಮ್ಯಾಕೆ ಕಮೋಡಿನ ಫೈಲ್ ಬಿಚ್ಚಿ, "ನೀನು ಮಿಲಿಮೀಟ್ರು," ಅಂತ ಅದಕ್ಕೆ ಯೇಳಿದ್ಲು. ಮನೇಗೆ, "ನೀನು ಇಂಚು," ಅಂದ್ಲು. ತಂದು ಬುಟ್ಲು. ಕಮೋಡು ಒಸ ಮದ್ಲಿಂಗಿತ್ತಿ ತರ ತಲೆ ಬಗ್ಗುಸ್ಕಂಡು ಬಂದು ಬಚ್ಚಲ ಮೂಲೇಲಿ ಕುಂತ್ಕತ್ತು. ಇಪ್ಪತ್ತೇಳೂವರೆ ಇಂಚು. ಸುಮ್ನಾಗ್ನಿಲ್ಲ ಅವಳು. ದೇವಿರಮ್ಮನ ಕಡ್ಡಿ ಈಸ್ಕಂಡು ಟೇಪ್ ಇಡ್ದು ಅಳುದ್ಲು. ಅದಿನೇಳಿಂಚು.

"ನಿನ್ ಮೊಳದಲ್ಲಿ ಒಂದೂವರೆ ಮೊಳ, ಅದ್ರ ಮ್ಯಾಲೆ ಮೂರು ಬೆಳ್ಳು ಕಣಜ್ಜಿ."

ದೇವಿರಮ್ಮ ಸ್ಟೂಲಿನ ಮ್ಯಾಲೆ ಕಡ್ಡಿ ಇಟ್ಟು, ಅಳ್ದು, ಕುಂತು ನೋಡಿ, ತಲೆ ಆಡ್ಸಿದ್ಲು. "ಈಗ ಸರಿ. ಇದ್ರಲ್ಲಿ ನಾನು ಕೂತ್ಕಬೋದು."

"ನಮ್ ಶೋಭಿತಾ ಅಂದ್ರೆ ಸುಮ್ಕೇನಾ! ಎಲ್ಲಾ ನಾನೇ ಕಲ್ಸಿದ್ದು," ಅಂದ ರವಿಚಂದ್ರ. ನಾಚ್ಕೆ ಅನ್ನೋದನ್ನ ಅವನೂ ಯೂನಿಟ್ ಇಲ್ದಲೇ ಮಡಗಿದ್ದ ಅಂತ ಕಾಣ್ತದೆ.

"ಸೋಮವಾರ ಬತ್ತೀನಿ," ಅಂದ್ಲು ದೇವಿರಮ್ಮ. "ಈ ಕುರ್ಚೀಲಿ ಈ ಮಗ ಇರ್ಬೇಕು. ಇಲ್ದಿದ್ರೆ ಮುದ್ದಯ್ಯನ್ನ ಕರ್ಕಂಡೇ ಬತ್ತೀನಿ. ಅವನ ಕಬ್ಬಲ್ಲಿ ನಡುಮನೆ ಮಾಡಿದ್ದೀಯ, ಮಚ್ಚು ಮಸೀತಾ ಕುಂತವ್ನೆ."

ಸೋಮವಾರ ಶೋಭಿತಾ ಬಂದಾಗ ಕುರ್ಚಿಗೆ ಒಸ ಗಾಲಿ ಬಂದಿತ್ತು. ಗೋಡೆ ಮ್ಯಾಲೆ ಅವಳೇ ಒಂದ್ ಚೀಟಿ ಅಂಟ್ಸಿದ್ಲು. "ಯಾರ ಮೊಳ ಅಂತ ಯೇಳ್ದೆ ಒಳೀಕೆ ಬರಂಗಿಲ್ಲ." ಅದು ಬ್ಲಾಕಿಗೋ ಬಾಮೈದ್ನಿಗೋ ಅಂತ ರವಿಚಂದ್ರ ಕೇಳಾಕೋಗ್ನಿಲ್ಲ. ಸ್ವರೂಪ ಹನಕೆರೇಲಿ ಕರಿಸಿದ್ದಯ್ಯ ಕಟ್ಟಿದ್ದ ದಾರ ಸುತ್ತುತಾ ಅವ್ನೆ. ನಾನು ಮೊನ್ನೆ ನೋಡ್ದಾಗ ಇನ್ನೂ ಅಡುಗೆಮನೆ ತಾವ್ಲೇ ಇದ್ದ.

ಆಯ್ತಲ್ಲ, ಬಾಯಿ ಮುಚ್ಕಳಿ ಈಗ. ಇಷ್ಟೊತ್ತು ಮಾತಾಡಿ ನನ್ ಗಂಟ್ಲು ಒಣಗೋಗದೆ. ಎದ್ದೋಗಿ ನಿಮ್ ಗದ್ದೆಯಿಂದ ಒಂದು ಕಬ್ಬಿನ ಜಲ್ಲೆ ಮುರ್ಕಬನ್ನಿ. ದುರಾಸೆ ಏನಿಲ್ಲ, ನಾಕೇ ನಾಕು ಮೊಳ ಸಾಕು. ಉಷಾರು, ನಿಮ್ ಗಿಡ್ಡ ಮೊಳದಲ್ಲಿ ಅಳ್ದೀರಿ ಮತ್ತೆ. ಕರಿಸಿದ್ದಯ್ಯನ ಮೊಳದಲ್ಲಿ.