ಮೋಟಾರಿಗೆ ಕೊಟ್ಟ ಕೋಲು

ಪೀಳಮೇಡಿನ ಪಂಪ್‌ಸೆಟ್ ವರ್ಕ್‌ಶಾಪಿನಿಂದ ದೋಣಿ ಹೊರಡುತ್ತದೆಂದರೆ ಬೀದಿಗೆ ಬೀದಿಯೇ ನೋಡಲು ಬಂದಿತ್ತು. ಎದುರು ಮನೆಯವರು ಹಲ್ಲುಜ್ಜುತ್ತಲೇ ಗೇಟಿಗೆ ಒರಗಿ ನಿಂತಿದ್ದರು. ತೆನ್ಮೊಳಿ ಮಾತ್ರ ಯಾರ ಕಡೆಗೂ ತಿರುಗಲಿಲ್ಲ. ಟ್ರೈಲರಿನ ಹಿಂದೆ ಮಂಡಿಯೂರಿ, ದೋಣಿಯ ಹಿಂಭಾಗಕ್ಕೆ ಕಚ್ಚಿಕೊಂಡಿದ್ದ ನಲವತ್ತು ಕುದುರೆಬಲದ ಮೋಟಾರನ್ನೇ ನೋಡುತ್ತಿದ್ದಳು.

ಮೋಟಾರು ಅಮರಾವತಿ ಅಣೆಕಟ್ಟಿನ ಮೀನುಗಾರರ ಸಂಘದ್ದು. ಎರಡು ವರ್ಷ ಸತ್ತುಬಿದ್ದಿದ್ದನ್ನು ಅವಳೇ ಬಿಚ್ಚಿ, ತೊಳೆದು, ಮೂರು ತಿಂಗಳು ಹಟಹಿಡಿದು ಬದುಕಿಸಿದ್ದಳು. ವರ್ಕ್‌ಶಾಪಿನ ಯಜಮಾನ, ಅವಳ ಸೋದರಮಾವ ತಿರುಮೂರ್ತಿ, ಒಂದು ಮಾತು ಹೇಳಿದ್ದ. ಇವತ್ತು ಸಂಘದವರ ಕಣ್ಣೆದುರು ಇದು ನೀರಿನಲ್ಲಿ ಓಡಿದರೆ ಒಳಗಿನ ರಿಪೇರಿ ಬೆಂಚು ಅವಳದು. ಓಡದಿದ್ದರೆ ಮತ್ತೆ ಮುಂದಿನ ಕೋಣೆಯ ಮೇಜು, ದಿನವಿಡೀ ಫೋನೆತ್ತಿ "ವಣಕ್ಕಂ ಸಾರ್" ಅನ್ನುವ ಕೆಲಸ. ದೋಣಿ ಇಳಿಸಲು ಅಣೆಕಟ್ಟಿನ ಅಧಿಕಾರಿ ಅನುಮತಿ ಕೊಟ್ಟಿದ್ದು ಮಧ್ಯಾಹ್ನ ಹನ್ನೆರಡರವರೆಗೆ ಮಾತ್ರ.

"ಆಯ್ತೇನು ಅಮ್ಮಿಣಿ?" ಮುದ್ದಿನಿಂದ ಕರೆಯುತ್ತಾ ಮಾವ ಜೀಪಿನಿಂದ ಇಳಿದು ಬಂದ. "ಮೋಟಾರ್ ಸೊಂಟದಲ್ಲೇ ಕೊಕ್ಕೆ ಐತಲ್ಲ, ಎತ್ತಿ ಸಿಕ್ಕಿಸಿದ್ರೆ ತಾನೇ ನಿಂತ್ಕೊತದೆ. ಮತ್ತೆ ಆ ಕೋಲು ಯಾತಕ್ಕೆ?"

ಕೋಲು ತೆನ್ಮೊಳಿಯೇ ಮಾಡಿದ್ದು. ಗಟ್ಟಿ ಪೈಪಿನ ಒಂದು ತುದಿ ಟ್ರೈಲರಿನ ಹಿಂದಿನ ಕಂಬಿಗೆ ಪಿನ್ನಿನಿಂದ ಬಿಗಿಯಾಗಿತ್ತು. ಇನ್ನೊಂದು ತುದಿಯ ಕವಲಿಗೆ ದಪ್ಪ ರಬ್ಬರು ಸುತ್ತಿ, ಮೇಲೆತ್ತಿದ ಮೋಟಾರಿನ ಕಾಲನ್ನು, ಅಂದರೆ ಪ್ರೊಪೆಲ್ಲರಿರುವ ಕೆಳಭಾಗವನ್ನು, ಅದರಲ್ಲಿ ಕೂರಿಸಿ, ಪಟ್ಟಿ ಬಿಗಿದಿದ್ದಳು.

"ಮಾವ, ತಾತನ ಎತ್ತಿನ ಗಾಡಿ ನಿಲ್ಸಿದಾಗ ಮೂಕಿ ಕೆಳಗೆ ಕೋಲು ಕೊಡ್ತಿದ್ರಲ್ಲ?"

"ಕೊಡ್ತಿದ್ದೊ."

"ಆ ಕೋಲಿನ ಮೇಲೇ ಎತ್ತು ಹೊಡ್ಕೊಂಡು ಸಂತೆಗೆ ಹೋಗ್ತಿದ್ರಾ?"

ಮಾವ ಗಹಗಹಿಸಿದ. "ಬಾಯಿ ನೋಡು! ನಮ್ಮವ್ವನ್ದೇ ಬಾಯಿ."

"ಈ ಕೊಕ್ಕೇನೂ ಅಷ್ಟೇ. ನಿಂತಿರೋವಾಗ ಸರಿ. ಓಡೋವಾಗ ಗುಂಡಿಗೆ ಬಿದ್ರೆ ಅಷ್ಟು ಭಾರಾನೂ ಅದ್ರ ಮೇಲೇ ಬೀಳ್ತದೆ. ಕೊಕ್ಕೆ ಮುರೀತದೆ, ಇಲ್ಲಾ ದೋಣಿ ಹಲಗೆ ಬಿರಿತದೆ. ಕೋಲಿದ್ರೆ ಭಾರ ಟ್ರೈಲರ್‌ಗೆ ಹೋಗ್ತದೆ."

"ಸರಿ ಬುಡು, ನಿನ್ನಿಷ್ಟ." ಮಾವ ಸೀಟಿನಡಿಯಿಂದ ಹರಳೆಣ್ಣೆಯ ಬಾಟಲಿ ತೆಗೆದ. ಜೀಪಿನ, ಟ್ರೈಲರಿನ ಒಂದೊಂದು ಚಕ್ರದ ಗುಂಬಕ್ಕೂ ಬೆರಳಿನಿಂದ ಒಂದೊಂದು ಹನಿ ಮುಟ್ಟಿಸಿದ. ಮನೆಯ ಎತ್ತಿನ ಗಾಡಿ ಹೋಗಿ ನಲವತ್ತು ವರ್ಷವಾಗಿದ್ದರೂ ದೂರದ ದಾರಿಗೆ ಅಚ್ಚಿಗೆ ಎಣ್ಣೆ ಕಾಣಿಸದೆ ಅವನು ಹೊರಟದ್ದಿಲ್ಲ.

ಜೀಪಿನ ಹಿಂದಿನ ಪರದೆ ಸುತ್ತಿಟ್ಟಿದ್ದರಿಂದ ಟ್ರೈಲರಿನ ಪ್ರತಿಯೊಂದು ಸದ್ದೂ ಕೇಳಿಸುತ್ತಿತ್ತು. ರಸ್ತೆಯಲ್ಲಿ ಉಬ್ಬು ಸಿಕ್ಕಿದಾಗಲೆಲ್ಲ ಕವಲಿನ ರಬ್ಬರು ಕಿರ್ರ್ ಅನ್ನುತ್ತಿತ್ತು. ಕಿಣತ್ತುಕಡವು ದಾಟುವಷ್ಟರಲ್ಲಿ ಮಾವನ ಹುಬ್ಬು ಗಂಟಿಕ್ಕಿತ್ತು. ಅಕ್ಕಪಕ್ಕದ ಬೈಕಿನವರು ತಿರುಗಿ ನೋಡುತ್ತಿದ್ದರು.

ತೆನ್ಮೊಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪಕ್ಕದ ಕನ್ನಡಿ ನೋಡುವಳು, ಗಡಿಯಾರ ನೋಡುವಳು, ಕತ್ತು ಹೊರಳಿಸಿ ದೋಣಿಯನ್ನೇ ನೋಡುವಳು.

"ಎಷ್ಟು ಸಲ ತಿರುಗ್ತೀ? ಕತ್ತು ಉಳುಕೀತು. ಅವ್ವನ ಕತೆ ಮರೆತ್ಯಾ? ತಿರುಗಿ ನೋಡಿದ್ರೆ ಅಮ್ಮ ಅಲ್ಲೇ ನಿಂತ್ಬುಡ್ತಾಳೆ," ಎಂದು ಮಾವ ಚುಚ್ಚಿದ.

ಅವ್ವನೆಂದರೆ ಮಾವನ ತಾಯಿ, ತೆನ್ಮೊಳಿಯ ಅಜ್ಜಿ. ಅವಳ ಕತೆಯಲ್ಲಿ ಒಬ್ಬ ಕುರುಬ ಬೆಟ್ಟದ ಮೇಲಿನ ದೇವತೆ ಅಮ್ಮನನ್ನು ಊರಿಗೆ ಕರೆಯುತ್ತಾನೆ. ಬರುತ್ತೇನೆ, ನೀನು ಮಾತ್ರ ತಿರುಗಬಾರದು, ನನ್ನ ಗೆಜ್ಜೆ ಕೇಳುತ್ತಾ ನಡಿ, ಅನ್ನುತ್ತಾಳೆ ಅಮ್ಮ. ಕುರುಬ ಮುಂದೆ, ಗೆಜ್ಜೆ ಹಿಂದೆ. ಹೊಳೆಯ ಮರಳಿನಲ್ಲಿ ಅಮ್ಮನ ಕಾಲು ಹೂತು ಗೆಜ್ಜೆಯ ಸದ್ದು ನಿಲ್ಲುತ್ತದೆ. ಅವನ ಎದೆ ಧಸಕ್ಕೆನ್ನುತ್ತದೆ, ತಿರುಗಿಬಿಡುತ್ತಾನೆ. ಅಮ್ಮ ಹೊಳೆಯ ನಡುವೆಯೇ ಕಲ್ಲಾಗುತ್ತಾಳೆ. ಚಿಕ್ಕವಳಿದ್ದಾಗ ಇಲ್ಲಿಗೆ ಬಂದರೆ ತೆನ್ಮೊಳಿ ಅಳುತ್ತಿದ್ದಳು. ಕುರುಬನದೇನು ತಪ್ಪು, ಸದ್ದು ನಿಂತರೆ ಯಾರಾದರೂ ನೋಡದೆ ಇರುತ್ತಾರಾ ಎಂದು ಅಜ್ಜಿಯೊಡನೆ ಜಗಳವಾಡುತ್ತಿದ್ದಳು.

ಪೊಳ್ಳಾಚಿಯಲ್ಲಿ ಚಹಾಕ್ಕೆ ನಿಲ್ಲಿಸಿದರು. ಅವಳು ಮುಖ ತೊಳೆದು ಬರುವಷ್ಟರಲ್ಲಿ ಮಾವ ಸ್ಟೇರಿಂಗಿನ ಹಿಂದೆ ಕೂತು, ಕೈ ಒರೆಸಿಕೊಳ್ಳುತ್ತಾ ಹಾರ್ನ್ ಹೊಡೆಯುತ್ತಿದ್ದ.

ಉಡುಮಲೈ ದಾಟಿತು. ಗಾಳಿಗಿರಣಿಗಳು ಹಿಂದೆ ಸರಿದವು, ಬೆಟ್ಟ ಹತ್ತಿರವಾಯಿತು. ಮಾವ ಏನೋ ಗುನುಗುತ್ತಿದ್ದ. ತೆನ್ಮೊಳಿಗೆ ಮಾತ್ರ ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ಗೊತ್ತಾಗಲಿಲ್ಲ. ಪಿನ್ನು ಹಾಕಿದ್ದೆ. ಪಟ್ಟಿ ಬಿಗಿದಿದ್ದೆ. ಮತ್ತೇನು? ಜೀಪು ಒಂದು ಉಬ್ಬು ಹತ್ತಿ ಇಳಿಯಿತು. ಆಗ ಹೊಳೆಯಿತು.

ಗೆಜ್ಜೆ ನಿಂತಿತ್ತು.

"ಮಾವ, ಕಿರ್ ಅನ್ನೋದು ಕೇಳ್ತಿಲ್ಲ."

"ಒಳ್ಳೇದಾಯ್ತಲ್ಲ!"

"ನಿಲ್ಸು."

"ಎಲ್ಲಿ ನಿಲ್ಸೋದು? ಹನ್ನೊಂದಾಯ್ತು. ಹನ್ನೆರಡಕ್ಕೆ ಆಫೀಸರ್ ಎದ್ದು ಹೋಗ್ತಾನೆ. ಆಮೇಲೆ ನಿನ್ನ ಬೆಂಚು ನಿನ್ನ ಕನಸಲ್ಲಿ. ಅಜ್ಜಿ ಕತೆ ತಲೇಲಿ ತುಂಬ್ಕೊಂಡು..."

"ನಿಲ್ಸು ಮಾವ! ಇಲ್ಲಾ ಹಾರ್ತೀನಿ." ಅವಳ ಕೈ ಆಗಲೇ ಬಾಗಿಲಿನ ಮೇಲಿತ್ತು.

ಎಳನೀರಿನ ಅಂಗಡಿಯೊಂದರ ಮುಂದೆ ಜೀಪು ನಿಂತಿತು. ತೆನ್ಮೊಳಿ ಓಡಿದಳು. ಮೋಟಾರಿನ ಕಾಲು ಕವಲಿನಿಂದ ಜಾರಿ ಹೊರಗಿತ್ತು. ಪಟ್ಟಿ ಕಳಚಿ ನೇತಾಡುತ್ತಿತ್ತು, ಕೋಲು ಒಂದು ಪಕ್ಕಕ್ಕೆ ವಾಲಿತ್ತು. ಅಷ್ಟೂ ಭಾರವನ್ನು ಸೊಂಟದ ಕೊಕ್ಕೆಯೊಂದೇ ಹೊತ್ತಿತ್ತು, ಅದು ಬಗ್ಗಿತ್ತು. ಇನ್ನೊಂದೆರಡು ಗುಂಡಿ ಸಿಕ್ಕಿದ್ದರೆ ಪ್ರೊಪೆಲ್ಲರು ಟಾರಿಗೆ ಬಡಿಯುತ್ತಿತ್ತು.

ಕವಲಿನ ರಬ್ಬರನ್ನು ಮುಟ್ಟಿದಳು. ಬೆರಳು ಜಾರಿತು. ಮೂಸಿ ನೋಡಿದಳು, ಹರಳೆಣ್ಣೆ.

ಮಾವ ಹಿಂದೆ ಬಂದು ನಿಂತಿದ್ದ. ಮುಖ ಬಿಳಿಚಿತ್ತು. "ಪೊಳ್ಳಾಚೀಲಿ... ಪಟ್ಟಿ ಬಿಚ್ಚಿ ಹಚ್ಚಿ, ಮತ್ತೆ ಕಟ್ಟಿದೆ. ಎಲ್ರೂ ತಿರುಗಿ ನೋಡ್ತಿದ್ರಲ್ಲ. ನಮ್ಮನೆ ಗಾಡಿ ಯಾವತ್ತಾದ್ರೂ ಕಿರ್ ಅಂತ ಬೀದೀಲಿ ಹೋದದ್ದುಂಟಾ? ಕಿರುಗುಟ್ಟೋ ಗಾಡಿ ಅಂದ್ರೆ ನಿಮ್ಮ ತಾತನಿಗೆ ಮಾನ ಹೋದಂಗೆ."

"ಅದು ಅಚ್ಚಲ್ಲ ಮಾವ! ಅಚ್ಚು ತಿರುಗ್ಬೇಕು. ಇದು ಹಿಡ್ಕೋಬೇಕು. ಹಿಡ್ಕೊಂಡಿದ್ದಕ್ಕೇ ಕಿರ್ ಅಂತಿದ್ದದ್ದು."

ಬೈಯಬೇಕೆಂದಿದ್ದಳು. ಅವನು ಅಷ್ಟರಲ್ಲೇ ಅಂಗಿಯ ತೋಳು ಮಡಚಿ ಎಳನೀರಿನ ಅಂಗಡಿಯತ್ತ ನಡೆದಿದ್ದ. ಅಂಗಡಿಯಾಕೆ ಮಲ್ಲಿಗಾ ಪಾತ್ರೆ ತೊಳೆಯುವ ಪುಡಿಯನ್ನೂ ಒಂದು ಹಿಡಿ ನಾರನ್ನೂ ಕೊಟ್ಟು, "ದೋಣಿಗೇ ಸ್ನಾನ ಮಾಡಿಸ್ತೀರಾ ಅಣ್ಣ?" ಎಂದು ತಮಿಳಿನಲ್ಲಿ ಕೇಳಿ ನಕ್ಕಳು. ಮಾವ ನಗಲಿಲ್ಲ. ರಬ್ಬರನ್ನು, ಪಟ್ಟಿಯನ್ನು, ಮೋಟಾರಿನ ಕಾಲನ್ನು ಮೂರು ಸಲ ತಿಕ್ಕಿ ತೊಳೆದು ತನ್ನ ಹೆಗಲ ಟವೆಲಿನಿಂದ ಒರೆಸಿದ. ಅವನು ಎತ್ತಿ ಹಿಡಿದ, ಅವಳು ಕವಲಿಗೆ ಕೂರಿಸಿ ಪಟ್ಟಿ ಬಿಗಿದಳು. ಕೈಯಿಂದ ಜಗ್ಗಿ ನೋಡಿದಳು. ಕಿರ್ರ್.

"ಹೋಗಾಣ," ಎಂದಳು.

ಹನ್ನೊಂದೂ ಐವತ್ತಕ್ಕೆ ಅಣೆಕಟ್ಟಿನ ದಡ ಸಿಕ್ಕಿತು. ಸಂಘದ ಕಾರ್ಯದರ್ಶಿ ಲೋಗನಾಥನ್ ಓಡಿಬಂದ. ತೆನ್ಮೊಳಿ ಮೊದಲು ಕೋಲು ಬಿಚ್ಚಿ ಜೀಪಿಗೆ ಹಾಕಿದಳು. ಅದಿದ್ದರೆ ಮೋಟಾರು ನೀರಿಗಿಳಿಯುವುದಿಲ್ಲ. ಲೋಗನಾಥನ್ ಕಣ್ಣು ಬಗ್ಗಿದ ಕೊಕ್ಕೆಯ ಮೇಲೆ ಬಿತ್ತು.

"ಏನಣ್ಣ ಇದು? ಈ ಹುಡುಗಿ ಕೈಗೆ ಕೊಡ್ಬೇಡಿ ಅಂತ ಅವತ್ತೇ ಹೇಳಿರ್ಲಿಲ್ವಾ ನಾನು?" ಎಂದು ತಮಿಳಿನಲ್ಲಿ ಸಿಡುಕಿದ.

ತೆನ್ಮೊಳಿ ಬಗ್ಗಿ ಟ್ರೈಲರಿನ ಹಗ್ಗ ಬಿಚ್ಚತೊಡಗಿದಳು. ಮಾವನನ್ನು ನೋಡಲಿಲ್ಲ.

"ಬಗ್ಗಿಸಿದ್ದು ನಾನು," ಮಾವ ಹೇಳಿದ. "ಹಚ್ಚಬಾರದ ಕಡೆ ಎಣ್ಣೆ ಹಚ್ಚಿದೆ. ಉಳಿಸಿದ್ದು ಅವಳು. ಕೊಕ್ಕೆ ಹೊಸದು ನಾನೇ ತಂದು ಹಾಕ್ತೀನಿ. ಇಳಿಸಿ, ಹೊತ್ತಾಗ್ತದೆ."

ದೋಣಿ ನೀರಿಗಿಳಿಯಿತು. ತೆನ್ಮೊಳಿ ಮೋಟಾರು ತಗ್ಗಿಸಿ ಹಗ್ಗ ಎಳೆದಳು. ಕೆಮ್ಮಿತು. ಮತ್ತೆ ಎಳೆದಳು. ಏನೂ ಇಲ್ಲ. ದಡದಲ್ಲಿ ಅಧಿಕಾರಿ ಕುರ್ಚಿ ಬಿಟ್ಟು ಎದ್ದ. ಅಂಗೈ ಬೆವರನ್ನು ಚೂಡಿದಾರಕ್ಕೆ ಒರೆಸಿ, ಕಣ್ಣು ಮುಚ್ಚಿ ಮೂರನೇ ಸಲ ಎಳೆದಳು. ಮೋಟಾರು ಗುರ್ರೆಂದು ಎದ್ದಿತು.

ದಡ ಹಿಂದಾಯಿತು. ಎದುರಿಗೆ ಬೆಟ್ಟ, ಬೆನ್ನ ಹಿಂದೆ ಒಂದೇ ಸಮನೆ ಸದ್ದು. ಮುಂದೆ ಕೂತ ಲೋಗನಾಥನ್ ಏನೋ ಕೂಗಿದ್ದು ಕೇಳಿಸಲಿಲ್ಲ. ನೂರು ಮಾರು ಹೋಗುವವರೆಗೆ ತೆನ್ಮೊಳಿ ತಿರುಗದೆ ತಡೆದುಕೊಂಡಳು. ಆಮೇಲೆ ಆಗಲಿಲ್ಲ.

ತಿರುಗಿ ನೋಡಿದಳು. ಸದ್ದು ನಿಲ್ಲಲಿಲ್ಲ.