ಎಡಗಡೆಯ ಹಿಡಿಕೆ

ನಾಗಲಿಂಗಪ್ಪ ಬಡಿಗೇರನಿಗೆ ತನ್ನ ಹೆಸರು ಹೊತ್ತ ಒಂದು ವಸ್ತುವೂ ಇರಲಿಲ್ಲ. ಹುಬ್ಬಳ್ಳಿಯ ಅರ್ಧ ಹಿಟ್ಟಿನ ಗಿರಣಿಗಳ ಚಕ್ರ, ನೀರಿನ ಪಂಪುಗಳ ಹೊಟ್ಟೆ, ಹೊಲಿಗೆ ಯಂತ್ರಗಳ ಕಾಲು, ಎಲ್ಲವೂ ಮೊದಲು ಅವನ ಕೈಯಲ್ಲಿ ಸಾಗವಾನಿ ಕಟ್ಟಿಗೆಯ ಅಚ್ಚಾಗಿ ಹುಟ್ಟಿ, ಆಮೇಲೆ ಫೌಂಡ್ರಿಯಲ್ಲಿ ಕಬ್ಬಿಣವಾದವು. ಅವುಗಳ ಮೇಲೆ ಕಂಪನಿಗಳ ಹೆಸರಿತ್ತು. ಆ ಹೆಸರುಗಳನ್ನೂ ಅವನೇ ಕೆತ್ತಿದ್ದ.

ನಾನು ತೋಟಾ ತುಂಬುವ ಯಂತ್ರ. ಕೋವಿ ಹಾರಿದ ಮೇಲೆ ಹಿತ್ತಾಳೆಯ ಖಾಲಿ ಕೊಳವೆ ಉಳಿಯುತ್ತದಲ್ಲ, ಅದಕ್ಕೆ ಹೊಸ ಕೇಪು ಕೂಡಿಸಿ, ಮದ್ದು ಮತ್ತು ಚರೆ ತುಂಬಿಸಿಕೊಂಡು, ಬಾಯಿ ಒತ್ತಿ, ಮತ್ತೆ ಹಾರುವಂತೆ ಮಾಡುವುದು ನನ್ನ ಕೆಲಸ. ನನ್ನದು ಕಬ್ಬಿಣದ ಮೈ, ಹಿತ್ತಾಳೆಯ ಬಾಯಿ. ಒಂದು ಹಿಡಿಕೆ ಇದೆ, ಅದು ಎಡಕ್ಕಿದೆ. ಈ ಕಥೆಯೆಲ್ಲ ಆ ಹಿಡಿಕೆಯದೇ.

ನಾನು ಹುಟ್ಟುವ ಹೊತ್ತಿಗೆ ಪರದೇಶದ ತೋಟಾ ಬರುವುದು ಹೆಚ್ಚು ಕಡಿಮೆ ನಿಂತಿತ್ತು. ಕಲಘಟಗಿ, ಹಳಿಯಾಳದ ಕಡೆಯ ರೈತರಿಗೆ ಹಂದಿ ಓಡಿಸಲು ತೋಟಾ ಬೇಕಿತ್ತು. ಊರ ಗುರಿಕಾರರ ಕ್ಲಬ್ಬಿಗೆ ಭಾನುವಾರದ ಆಟಕ್ಕೆ ಬೇಕಿತ್ತು. ಹಜರತಸಾಬ ತೋಪಖಾನೆ ಎಂಬಾತನ ಬಂದೂಕಿನ ಅಂಗಡಿಯಲ್ಲಿ ಯಾರೋ ಇಂಗ್ಲಿಷ್ ಅಧಿಕಾರಿ ಬಿಟ್ಟುಹೋದ ಒಂದು ಹಳೆಯ ಯಂತ್ರ ಇತ್ತು. ಅದರ ಹಿಡಿಕೆ ಬಲಕ್ಕೆ. ಸಾಬನ ಬಲಭುಜ ಟಾಂಗಾದಿಂದ ಬಿದ್ದು ಕೆಟ್ಟಿತ್ತು. ಕೈ ಎದೆಗಿಂತ ಮೇಲೆ ಏಳುತ್ತಿರಲಿಲ್ಲ.

"ಲೇ ನಾಗಲಿಂಗ, ಇದನ್ನ ನೋಡಿ ನನಗೊಂದು ಮಾಡಿಕೊಡು" ಎಂದ ಸಾಬ. "ಹಿಡಿಕಿ ಮಾತ್ರ ಎಡಕ್ಕಿರಲಿ. ಈ ಭುಜ ಹೋಗಿ ಮಸೂತಿ ಸೇರೈತಿ, ಕರದ್ರ ಬರಂಗಿಲ್ಲ."

"ಮಾಡೂಣು ಸಾಬಣ್ಣ. ಆದ್ರ ನನ್ನ ಹೆಸರು ಹಾಕತೇನಿ."

"ಹಾಕೋ ಮಾರಾಯ. ಬೇಕಾದ್ರ ನಿಮ್ಮಪ್ಪಂದೂ ಹಾಕು."

ನಾಗಲಿಂಗಪ್ಪ ಇಂಗ್ಲಿಷ್ ಯಂತ್ರವನ್ನು ಮನೆಗೆ ಒಯ್ಯಲಿಲ್ಲ. ಅಂಗಡಿಯಲ್ಲೇ ಕೂತು ಅಳೆದ. ಎರಕದ ಕೆಲಸದವರ ಗಜಕಡ್ಡಿ ಬೇರೆ. ಅದರ ಅಂಗುಲ ಪೇಟೆಯ ಅಂಗುಲಕ್ಕಿಂತ ಚೂರು ಉದ್ದ. ಕಾದ ಕಬ್ಬಿಣ ಆರುವಾಗ ಕುಗ್ಗುತ್ತದೆ. ಆದ್ದರಿಂದ ಕಟ್ಟಿಗೆಯ ಅಚ್ಚು ಅಷ್ಟು ದೊಡ್ಡದಿರಬೇಕು. ನನ್ನ ಅಚ್ಚು ದೊಡ್ಡದಿತ್ತು. ಅದನ್ನು ಮರಳಿನಲ್ಲಿ ಒತ್ತಿ ತೆಗೆದರು, ಆ ಖಾಲಿ ಜಾಗಕ್ಕೆ ಕಬ್ಬಿಣ ಹೊಯ್ದರು, ನಾನು ಆರಿದೆ, ಸರಿಯಾದ ಎತ್ತರಕ್ಕೆ ಬಂದೆ. ನನ್ನ ಎದೆಯ ಮೇಲೆ ಉಬ್ಬು ಅಕ್ಷರಗಳಲ್ಲಿ 'ನಾಗಲಿಂಗಪ್ಪ ಬಡಿಗೇರ' ಎಂದಿತ್ತು. ಮರಳು ಕೊಡವಿದ ಮೇಲೆ ಅವನು ಮೊದಲು ಮುಟ್ಟಿದ್ದು ಹಿಡಿಕೆಯನ್ನಲ್ಲ, ಆ ಅಕ್ಷರಗಳನ್ನು.

ಸಾಬನ ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನನ್ನು ಹಲಗೆಗೆ ಬಿಗಿದರು. ಅಲ್ಲಿಂದ ನನಗೆ ಜನರ ಹೊಟ್ಟೆ, ಬೆಲ್ಟು, ಕೈ ಕಾಣುತ್ತಿತ್ತು. ಮುಖ ಕಾಣುತ್ತಿದ್ದುದು ಬಗ್ಗಿದರೆ ಮಾತ್ರ. ಕೈಗಳನ್ನು ನೋಡಿದರೆ ಮುಖದ ಅಗತ್ಯ ಅಷ್ಟಾಗಿ ಇರುವುದಿಲ್ಲ. ಸಾಬನ ಎಡಗೈ ಹಿಡಿಕೆಯನ್ನು ಕೆಳಗೆ ಎಳೆಯುವಾಗ ಎಲ್ಲಿ ನಿಲ್ಲಬೇಕೆಂದು ನೋಡುತ್ತಿರಲಿಲ್ಲ. ನಾನು ನಿಲ್ಲುವಲ್ಲಿ ಅದೂ ನಿಲ್ಲುತ್ತಿತ್ತು.

ಅಂಗಡಿಗೆ ಬಂದವರು ನೋಡಿದರು, ಕೇಳಿದರು. ನಾಗಲಿಂಗಪ್ಪ ನನ್ನಂಥವನ್ನು ಇನ್ನಷ್ಟು ಮಾಡಿದ. ಎಲ್ಲಕ್ಕೂ ಹಿಡಿಕೆ ಎಡಕ್ಕೇ, ಏಕೆಂದರೆ ಅಚ್ಚು ಒಂದೇ. ಕೊಂಡವರು ಎಡಗೈ ರೂಢಿ ಮಾಡಿಕೊಂಡರು. ಯಾರೂ ಯಾಕೆ ಎಂದು ಕೇಳಲಿಲ್ಲ. ಕಬ್ಬಿಣದಲ್ಲಿ ಮಾಡಿದ್ದಕ್ಕೆ ಕಾರಣ ಇದ್ದೇ ಇರುತ್ತದೆ ಎಂದು ಜನ ನಂಬುತ್ತಾರೆ. ಬರಬರುತ್ತ ಅವರು ಯಂತ್ರ ಎನ್ನುವುದನ್ನೂ ಬಿಟ್ಟರು. "ಸಾಬ, ಒಂದು ಬಡಿಗೇರ ತರಿಸಿ ಕೊಡ್ರಿ" ಎನ್ನುವರು. "ನಮ್ಮ ಬಡಿಗೇರಗ ಎಣ್ಣಿ ಹಾಕಬೇಕಾಗೇತಿ" ಎನ್ನುವರು. ನಾಗಲಿಂಗಪ್ಪ ಅಂಗಡಿಯಲ್ಲಿದ್ದಾಗ ಇಂಥ ಮಾತು ಬಿದ್ದರೆ ಅವನ ಕೈ ತೊಡೆಯ ಮೇಲೆ ಸುಮ್ಮನೆ ಒಂದು ತಾಳ ಹಾಕುತ್ತಿತ್ತು.

ರೇವಣಕರ ಎಂಬ ಫೌಂಡ್ರಿ ಸಾವ್ಕಾರ ಇದನ್ನು ಕಂಡ. ನಾಗಲಿಂಗಪ್ಪ ಮಾಡಿದ ಒಂದು ಯಂತ್ರವನ್ನು ಬೇರೆಯವರ ಕೈಯಲ್ಲಿ ಕೊಳ್ಳಿಸಿದ. ಎದೆಯ ಮೇಲಿನ ಅಕ್ಷರಗಳನ್ನು ಕಾನಸೆಂಬ ಉಕ್ಕಿನ ಅರದಿಂದ ಉಜ್ಜಿ ತೆಗೆಸಿದ. ಆಮೇಲೆ ಅಚ್ಚು ಗಿಚ್ಚು ಎನ್ನದೆ ಆ ಕಬ್ಬಿಣವನ್ನೇ ಮರಳಿನಲ್ಲಿ ಒತ್ತಿಸಿ ಎರಕ ಹೊಯ್ಯಿಸಿದ. ಹಸಿರು ಬಣ್ಣ ಬಳಿದು, ನಮಗಿಂತ ಅಗ್ಗಕ್ಕೆ ಪೇಟೆಗೆ ಬಿಟ್ಟ. ಅವುಗಳ ಮೇಲೆ ಯಾರ ಹೆಸರೂ ಇರಲಿಲ್ಲ. ಜನ ಅವನ್ನೂ ಬಡಿಗೇರ ಎಂದೇ ಕರೆದರು.

ಕ್ಲಬ್ಬಿಗೆ ಹೊಸ ಯಂತ್ರ ಬೇಕಾದಾಗ ಮಾತು ಬಹಿರಂಗಕ್ಕೆ ಬಂತು. ಕ್ಲಬ್ಬಿನ ಕಾರ್ಯದರ್ಶಿ ಇನಾಮದಾರರು ಹಳೇ ಶಿಕಾರಿ. ಈಗ ಭಾನುವಾರ ಮಣ್ಣಿನ ಬಿಲ್ಲೆಗಳಿಗೆ ಗುರಿ ಇಡುತ್ತಿದ್ದರು. ಎರಡೂ ಯಂತ್ರ ತಂದು ಎದುರಿಗೆ ಇಡಿರಿ, ನೋಡೇ ತಗೋಳೋಣ ಎಂದರು. ಸಾಬ ನನ್ನನ್ನು ಹಲಗೆಯಿಂದ ಬಿಚ್ಚಿ ತಂದ. ರೇವಣಕರ ಹಸಿರಿನದನ್ನು ತಂದ. ನಮ್ಮಿಬ್ಬರನ್ನೂ ಒಂದು ಮೇಜಿನ ಮೇಲೆ ಇಟ್ಟರು. ಸದಸ್ಯರು ಸುತ್ತ ನಿಂತು ಚಹಾ ಕುಡಿದರು.

"ಹಿಡಿಕಿ ಎಡಕ್ಕ ಯಾಕ ಇಟ್ಟೀರಿ ಸಾವ್ಕಾರ್ರ?" ಎಂದು ಇನಾಮದಾರರು ರೇವಣಕರನನ್ನು ಕೇಳಿದರು.

"ವಿಚಾರ ಮಾಡೇ ಇಟ್ಟೀವ್ರಿ. ಎಡಗೈ ಎಳೀತದ, ಬಲಗೈ ತೋಟಾ ಇಡಾಕ ಖಾಲಿ ಇರತದ. ಕೆಲಸ ಜಲ್ದಿ."

ಸಾಬ ಚಹಾದ ಬಟ್ಟಲು ಕೆಳಗಿಟ್ಟು ನಕ್ಕ. "ಅದು ವಿಚಾರ ಅಲ್ಲೋ ಸಾವ್ಕಾರ, ನನ್ನ ಭುಜ. ನನ್ನ ಕಾಲು ಮುರದಿದ್ರ ನೀ ಕಾಲಿಲ್ಲದ ಮಷಿನ್ನ ಮಾರತಿದ್ದಿ."

ಎಲ್ಲರೂ ನಕ್ಕರು. ರೇವಣಕರನೂ ನಕ್ಕ, ನಗೆ ಅವನಿಗೆ ಅಡ್ಡಿಯಾಗುತ್ತಿರಲಿಲ್ಲ. ನಾಗಲಿಂಗಪ್ಪ ನಗಲಿಲ್ಲ. ಹಸಿರು ಯಂತ್ರದ ಎದೆಯ ಮೇಲೆ ನುಣುಪಾದ ಜಾಗದಲ್ಲಿ ಹೆಬ್ಬೆರಳು ಆಡಿಸುತ್ತಿದ್ದ.

"ಇಲ್ಲಿ ನನ್ನ ಹೆಸರಿತ್ತು" ಎಂದ.

"ಇತ್ತು ಅಂತ ಎಲ್ಲಿ ಬರದೈತಿ?" ಎಂದ ರೇವಣಕರ. "ನೀ ಮಾಡಿದ್ದು ಯಾರದು? ಸಾಬನ ಅಂಗಡ್ಯಾಗ ಇಂಗ್ರೇಜಿ ಮಷಿನ್ನ ಕುಂತೈತಿ. ನೀ ಅವರದು ಕದ್ದಿ. ಅವರೇನು ಹುಬ್ಬಳ್ಳಿಗೆ ಬಂದು ಅಳಾಕತ್ತಾರೇನು?"

"ನಾ ನೋಡಿ ಮಾಡಿದೆ. ನೀ ಮರಳಿನ್ಯಾಗ ಒತ್ತಿ ಮಾಡಿದಿ."

"ನೋಡಿದ್ರ ವಿದ್ಯೆ, ಒತ್ತಿದ್ರ ಕಳವೇನು?"

ನಾಗಲಿಂಗಪ್ಪ ನಮ್ಮಿಬ್ಬರನ್ನೂ ಒತ್ತಟ್ಟಿಗೆ ಸರಿಸಿದ, ನೆತ್ತಿಯ ಮೇಲೆ ಒಂದು ಗಾಜಿನ ಪಟ್ಟಿ ಇಟ್ಟ. ಸಾಬನ ಡಬ್ಬಿಯಿಂದ ಸೀಸದ ಒಂದು ಚರೆ ತೆಗೆದು ನನ್ನ ಕಡೆಯ ತುದಿಗೆ ಇಟ್ಟು ಕೈ ಬಿಟ್ಟ. ಚರೆ ಒಂದು ಗಳಿಗೆ ನಿಂತಿತು. ಆಮೇಲೆ ಹಸಿರು ಯಂತ್ರದ ಕಡೆಗೆ ಉರುಳಿ, ಮೇಜಿನಿಂದ ಕೆಳಗೆ ಬಿತ್ತು.

"ಕಬ್ಬಿಣ ಒತ್ತಿ ಕಬ್ಬಿಣ ಹೊಯ್ದ್ರ ಗಿಡ್ಡ ಆಗತೈತ್ರಿ" ಎಂದ ನಾಗಲಿಂಗಪ್ಪ ಇನಾಮದಾರರಿಗೆ. "ಈ ಹಸಿರು ಮಷಿನ್ನ ನನ್ನದರ ಹೊಟ್ಟ್ಯಾಗ ಹುಟ್ಟಿದ್ದು. ಇಂಗ್ರೇಜಿ ಮಷಿನ್ನೂ ತಂದು ಇಡ್ರಿ. ಅದಕ್ಕೂ ನಂದಕ್ಕೂ ಪಟ್ಟಿ ಸಮ ಕೂಡತೈತಿ."

"ಗೊತ್ತಾತು ಬಿಡು" ಎಂದರು ಇನಾಮದಾರರು. "ಮಗ ಅಪ್ಪಗಿಂತ ಕುಳ್ಳ."

ಮತ್ತೆ ನಕ್ಕರು. "ಕುಳ್ಳಿದ್ರ ಏನಾತ್ರೀ?" ಎಂದ ರೇವಣಕರ. "ತೋಟಾ ತುಂಬತೈತಿಲ್ಲೋ? ಲಗ್ನಕ್ಕ ಹೆಣ್ಣ ನೋಡಾಕ ಬಂದೀರೇನು, ಎತ್ತರ ಅಳೀಲಿಕ್ಕೆ?"

ತುಂಬಿ ನೋಡಿದರು. ತುಂಬಿತು. ಆ ಕೋಣೆಯಲ್ಲಿದ್ದ ಎಲ್ಲರಿಗೂ ಯಾರು ಯಾರನ್ನು ನಕಲು ಮಾಡಿದ್ದಾರೆ ಎಂಬುದು ಖಾತ್ರಿಯಾಗಿತ್ತು. ಖಾತ್ರಿಯಾದ ಮೇಲೆ ಕ್ಲಬ್ಬು ಅಗ್ಗದ್ದನ್ನು ಕೊಂಡಿತು. ಇನಾಮದಾರರು ನಾಗಲಿಂಗಪ್ಪನ ಬೆನ್ನು ತಟ್ಟಿ, "ಹೆಸರು ನಿಂದೇ ಉಳದೈತಲ್ಲೋ. ಇದನ್ನೂ ನಾವು ಬಡಿಗೇರ ಅಂತನ ಅಂತೀವಿ" ಎಂದರು. ಅವನಿಗೆ ಅದು ಸಾಕಾಯಿತೆಂದೇ ನನಗೆ ಅನಿಸಿತು. ನನ್ನನ್ನು ಎತ್ತಿಕೊಂಡು ಹೋಗುವಾಗ ಅವನ ಹೆಜ್ಜೆ ಹಗುರಾಗಿತ್ತು.

ಆ ಮಧ್ಯಾಹ್ನವೆಲ್ಲ ಅವರು ಹೆಸರಿನ ಮಾತಾಡಿದರು. ಕೈಯ ಮಾತು ಯಾರೂ ಆಡಲಿಲ್ಲ. ಮೈ ಕುಗ್ಗಿದರೆ ಒಳಗಿನ ಜಾಗವೂ ಕುಗ್ಗುತ್ತದೆ. ತೋಟಾದ ಉದ್ದ ಮಾತ್ರ ಅಷ್ಟೇ ಇರುತ್ತದೆ. ತೋಟಾ ಬಿಗಿಯಾದ ಮೇಲೂ ಹಿಡಿಕೆ ಕೆಳಗೆ ಬರುತ್ತದೆ. ಆ ಹೆಚ್ಚಿನ ಒತ್ತು ಕೇಪಿನ ಮೇಲೆ ಬೀಳುತ್ತದೆ. ಕೇಪು ಒತ್ತಡಕ್ಕೆ ಸಿಡಿಯಲೆಂದೇ ಮಾಡಿದ ವಸ್ತು.

ಮುಂದೆ ನಡೆದಲ್ಲಿ ನಾನಿರಲಿಲ್ಲ. ಅಂಗಡಿಗೆ ಬಂದವರ ಬಾಯಲ್ಲಿ ಕೇಳಿದ್ದನ್ನು ಹೇಳುತ್ತೇನೆ. ಒಂದು ಶನಿವಾರ ಇನಾಮದಾರರು ಮರುದಿನದ ಆಟಕ್ಕೆ ತಾವೇ ತೋಟಾ ತುಂಬುತ್ತ ಕೂತಿದ್ದರು. ಎಡಗೈ ಎಳೆಯುತ್ತಿತ್ತು, ಬಲಗೈ ರೇವಣಕರ ಹೇಳಿದ ಹಾಗೆ ಖಾಲಿ ಇತ್ತು, ತೋಟಾದ ಹತ್ತಿರವೇ ಇತ್ತು. ಕೇಪು ಸಿಡಿಯಿತು, ಹಿತ್ತಾಳೆ ಒಡೆಯಿತು. ಬಲಗೈಯ ಎರಡು ಬೆರಳು ಹೋದವು. ಒಂದು ಅವರು ಕೋವಿಯ ಕುದುರೆ ಎಳೆಯುತ್ತಿದ್ದ ಬೆರಳು.

ದವಾಖಾನೆಯಲ್ಲಿ ಫೌಜದಾರ ಕೇಳಿದನಂತೆ, ಯಾವ ಮಷಿನ್ನು ಎಂದು. ಇನಾಮದಾರರು "ಬಡಿಗೇರ" ಎಂದರಂತೆ. ಅವರು ಸುಳ್ಳು ಹೇಳಲಿಲ್ಲ. ಊರೆಲ್ಲ ಹಾಗೇ ಹೇಳುತ್ತಿತ್ತು. ರೇವಣಕರ ತಾನು ಪಂಪು ಮಾಡುವವನು ಎಂದ. ಅವನ ಅಂಗಳದಲ್ಲಿ ಪಂಪುಗಳೇ ಇದ್ದವು. ಹಸಿರು ಯಂತ್ರದ ಮೇಲೆ ಯಾವ ಹೆಸರೂ ಇಲ್ಲದ್ದರಿಂದ ಅದು ಯಾರದೂ ಆಗಿರಲಿಲ್ಲ.

ಫೌಜದಾರ ಅಂಗಡಿಗೆ ಬರುತ್ತಾನೆಂದು ಗೊತ್ತಾದ ದಿನ ನಾಗಲಿಂಗಪ್ಪ ಕಾನಸು ಹಿಡಿದು ಬಂದ. ಹಿಂದಿನ ಕೋಣೆಗೆ ನೇರ ಬಂದು, ನನ್ನ ಎದೆಯ ಮೇಲೆ ಕಾನಸು ಇಟ್ಟ.

"ಹುಚ್ಚ ಹಿಡದೈತೇನಲೇ?" ಎಂದ ಸಾಬ. "ಇದರ ಮ್ಯಾಲ ಹೆಸರೈತಿ, ಅದರ ಮ್ಯಾಲ ಇಲ್ಲ. ಅದು ನಿಂದಲ್ಲ ಅನ್ನಾಕ ಇದ ಸಾಕ್ಷಿ. ಚರೆ ಉರುಳಿದ್ದ ಹತ್ತು ಮಂದಿ ನೋಡ್ಯಾರ."

"ಅವರನ್ನ ಕೇಳಿ ಬಂದೆ. ಒಬ್ಬಗೂ ನೆನಪಿಲ್ಲಂತ. ಅಗ್ಗದ್ದು ತಂದವರು ಅವರ ಅಲ್ಲೇನು? ಇನ್ನ ಈ ಹೆಸರು ನನ್ನನ್ನಷ್ಟ ಹಿಡಿಸಿಕೊಡತೈತಿ."

ಅಕ್ಷರ ಒಂದೊಂದಾಗಿ ಹೋದವು. ಅವನು ತಲೆಕಟ್ಟಿನಿಂದ ಶುರು ಮಾಡಿ ಕೆಳಗೆ ಬರುತ್ತಿದ್ದ, ಕೆತ್ತಿದ ಕ್ರಮದಲ್ಲೇ ಇರಬೇಕು. ಸಾಬ ಕೇಳಿದ:

"ಅವತ್ತ ಪಟ್ಟಿ ಇಟ್ಟ್ಯಲ್ಲ. ಗಿಡ್ಡಾದ್ರ ಕೇಪಿನ ಮ್ಯಾಲ ಭಾರ ಬೀಳತೈತಿ ಅಂತ ನಿನಗ ಹೊಳದಿತ್ತೇನು?"

ಕಾನಸು ನಿಂತಿತು.

"ಹೊಳದಿತ್ತು."

"ಮತ್ತ?"

"ಹೆಸರಿನ ಮಾತು ನಡದಿತ್ತು, ಸಾಬಣ್ಣ."

ಕಾನಸು ಮತ್ತೆ ನಡೆಯಿತು. ಉದುರಿದ ಕಬ್ಬಿಣದ ಪುಡಿಯನ್ನು ನಾಗಲಿಂಗಪ್ಪ ಅಂಗೈಯಲ್ಲಿ ಗುಡಿಸಿಕೊಂಡು ಜೇಬಿಗೆ ಹಾಕಿಕೊಂಡ. ಫೌಜದಾರ ಬಂದು ನನ್ನನ್ನು ತಿರುಗಿಸಿ ಮುರುಗಿಸಿ ನೋಡಿ, ಇದೂ ಅಂಥದೇ ಎಂದ. ಅಂಗಡಿಯ ಲೈಸೆನ್ಸು ಮುಂದಿನ ವರ್ಷಕ್ಕೆ ಸಿಗಲಿಲ್ಲ. ನಾಗಲಿಂಗಪ್ಪನನ್ನು ಕೆಲವು ಸಲ ಠಾಣೆಗೆ ಕರೆಸಿದರು, ಕೂಡಿಸಿದರು, ಕಳಿಸಿದರು. ನನ್ನ ಸಾಗವಾನಿ ಅಚ್ಚನ್ನು ಅವನು ಹಂಡೆಯ ಒಲೆಗೆ ಹಾಕಿದನೆಂದು ಕೇಳಿದೆ. ಸಾಗವಾನಿ ಚೆನ್ನಾಗಿ ಉರಿಯುತ್ತದೆ. ಅವನು ಮತ್ತೆ ಪಂಪಿನ ಕೆಲಸಕ್ಕೆ ಹೋದ. ಬೇರೆಯವರ ಹೆಸರುಗಳನ್ನು ಮೊದಲಿನಷ್ಟೇ ಚೆನ್ನಾಗಿ ಕೆತ್ತುತ್ತಿದ್ದನಂತೆ.

ಸಾಬನ ಮಗಳು ಮೆಹಬೂಬಿ ಅದೇ ಅಂಗಡಿಯಲ್ಲಿ ಶಾಲೆಯ ಚೀಲ ಹೊಲಿಯುವ ಉದ್ಯೋಗ ಹಾಕಿದಳು. ನನ್ನ ಹಿತ್ತಾಳೆಯ ಬಾಯಿ ತೆಗೆಸಿ, ಚೀಲಕ್ಕೆ ಗುಂಡಿ ಒತ್ತುವ ಉಕ್ಕಿನ ಮೂತಿ ಹಾಕಿಸಿದಳು. ಬಹಳ ವರ್ಷ ಗುಂಡಿ ಒತ್ತಿದೆ. ಅದು ಒಳ್ಳೆಯ ಕೆಲಸ, ಸಪ್ಪಳ ಕಡಿಮೆ. ಹೊಸದಾಗಿ ಕೆಲಸಕ್ಕೆ ಬಂದ ಹೆಂಗಸರು, "ಅಕ್ಕಾ, ಇದರ ಹಿಡಿಕಿ ಎಡಕ್ಕ ಯಾಕೈತಿ?" ಎಂದು ಕೇಳುವರು. "ಬಲಗೈ ಖಾಲಿ ಇರಲಿ ಅಂತ" ಎನ್ನುವಳು ಮೆಹಬೂಬಿ. ಅವಳಿಗೆ ಅಪ್ಪನ ಭುಜ ಗೊತ್ತಿತ್ತು. ಆದರೂ ಹಾಗೇ ಹೇಳುವಳು. ಹೇಳಲು ಅದು ಸುಲಭ.

ಈಗ ಗುಜರಿ ಅಂಗಡಿಯ ಮೂಲೆಯಲ್ಲಿದ್ದೇನೆ. ಹಿಡಿಕೆ ತುಕ್ಕು ಹಿಡಿದು ಅರ್ಧಕ್ಕೆ ನಿಂತಿದೆ. ನನ್ನ ಪಕ್ಕದಲ್ಲಿ ಇನ್ನೊಂದು ಬಿದ್ದಿದೆ, ಅದರ ಹಿಡಿಕೆಯೂ ಎಡಕ್ಕೇ. ಎದೆ ನುಣುಪು. ಮಡಿಕೆಗಳಲ್ಲಿ ಹಸಿರು ಬಣ್ಣ ಇನ್ನೂ ಉಳಿದಿದೆ. ಗುಜರಿಯವನು ಇಬ್ಬರನ್ನೂ ಒಂದೇ ರಾಶಿಗೆ ಹಾಕಿದ್ದಾನೆ. ಅವನ ಮಟ್ಟಿಗೆ ತಪ್ಪೇನಿಲ್ಲ. ನಮ್ಮ ನೆತ್ತಿಯ ಮೇಲೆ ಗಾಜಿನ ಪಟ್ಟಿ ಇಟ್ಟು ನೋಡುವವರು ಇನ್ನು ಬರುವುದಿಲ್ಲ. ಬಂದರೂ ಗೊತ್ತಾಗುವುದು ಯಾರು ಯಾರಿಗೆ ಹುಟ್ಟಿದರು ಎಂಬುದಷ್ಟೇ. ಅದು ಅವತ್ತೇ ಗೊತ್ತಿತ್ತು.

ಹೋದದ್ದು ಇಷ್ಟು: ಇನಾಮದಾರರ ಎರಡು ಬೆರಳು, ಒಂದು ಅಂಗಡಿಯ ಲೈಸೆನ್ಸು, ಒಂದು ಸಾಗವಾನಿ ಅಚ್ಚು. ನನ್ನ ಎದೆಯಿಂದ ಒಂಬತ್ತು ಅಕ್ಷರ.